ಸೈಕಲ್ ತುಳಿಯಲು ಸದ್ದಿಲ್ಲದ ದಾರಿ

ಎರಡು ವರ್ಷದ ಹಿಂದಿನ ಮಾತು. ಮಾನ್ವಿಯ ಶಿಕ್ಷಕರೊಬ್ಬರು ಪತ್ನಿಯೊಂದಿಗೆ ನನ್ನ ದವಾಖಾನೆಗೆ ಬಂದಿದ್ದರು. ವಯಸ್ಸು 52. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಸ್ವಲ್ಪ ರಕ್ತದೊತ್ತಡ. ಗುಳಿಗೆಗಳನ್ನು ತಪ್ಪದೆ ನುಂಗುತ್ತಿದ್ದರು. ಆದರೆ ಮೊಣಕಾಲು ನೋವೆಂದು ನಡಿಗೆ ಬಿಟ್ಟಿದ್ದರು. ಶಾಲೆಗೆ ಮೋಟಾರ್ ಸೈಕಲ್, ಮನೆಯಲ್ಲಿ ಕುರ್ಚಿ, ರಾತ್ರಿ ಟಿ.ವಿ. ಹೊಟ್ಟೆ ಬೆಳೆದಿತ್ತು, ಸಕ್ಕರೆ ಏರಿತ್ತು.

‘ನಡೆಯಲು ಆಗದಿದ್ದರೆ ಸೈಕಲ್ ತುಳಿಯಿರಿ. ದಿನಕ್ಕೆ ಅರ್ಧ ಗಂಟೆ’ ಎಂದು ಚೀಟಿಯ ಕೆಳಗೆ ಬರೆದುಕೊಟ್ಟೆ. ಮಾತು ಕೇಳುವ ಮನುಷ್ಯ. ಮಾರನೆಯ ದಿನವೇ ಮಗನ ಸೈಕಲ್‌ಗೆ ಗಾಳಿ ಹಾಕಿಸಿ ಹೊರಟರು. ಮೂರು ವಾರದ ನಂತರ ಮತ್ತೆ ಬಂದರು. ಮೊಣಕೈಗೆ ಬ್ಯಾಂಡೇಜು, ಭುಜದ ಮೇಲೆ ತರಚು ಗಾಯ. ಹೆದ್ದಾರಿಯಲ್ಲಿ ಬತ್ತದ ಲಾರಿಯೊಂದು ಪಕ್ಕಕ್ಕೇ ಬಂದು ಹಾರ್ನ್ ಹೊಡೆದಾಗ ಗಾಬರಿಯಾಗಿ ರಸ್ತೆಯ ಅಂಚಿನಿಂದ ಕೆಳಗೆ ಉರುಳಿದ್ದರು. ಅವರು ಸುಮ್ಮನೆ ನಗುತ್ತಿದ್ದರು. ಪತ್ನಿ ನಗಲಿಲ್ಲ.

‘ಗುಳಿಗಿ ಎಷ್ಟರ ಬರದು ಕೊಡ್ರಿ ಸಾಹೇಬ್ರ, ನುಂಗ್ತಾರ. ಆದ್ರ ಆ ರೋಡಿಗೆ ಮಾತ್ರ ಕಳಸಬ್ಯಾಡ್ರಿ’ ಎಂದರು.

ಆಕೆಯ ಮಾತಿನಲ್ಲಿ ನನ್ನ ತಪ್ಪೂ ಇತ್ತು. ಔಷಧಿ ಬರೆಯುವಾಗ ಯಾವ ಗುಳಿಗೆ, ಎಷ್ಟು, ಊಟಕ್ಕೆ ಮೊದಲೋ ನಂತರವೋ ಎಂದು ವೈದ್ಯರು ಬಿಡಿಸಿ ಬರೆಯುತ್ತೇವೆ. ಸೈಕಲ್ ಬರೆದಾಗ ಅದನ್ನು ಎಲ್ಲಿ ತುಳಿಯಬೇಕು ಎಂಬುದನ್ನು ನಾನು ಬರೆದಿರಲಿಲ್ಲ. ಆ ಅರ್ಧ ಚೀಟಿಯನ್ನು ಪೂರ್ತಿ ಮಾಡುವುದಕ್ಕಾಗಿ ಈ ವಾರದ ಲೇಖನ.

ದಾರಿಯೂ ಔಷಧಿಯ ಭಾಗ

ಸುಮ್ಮನೆ ಕುಳಿತಿರುವಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೇವೆ. ಸಾಧಾರಣ ವೇಗದಲ್ಲಿ ಸೈಕಲ್ ತುಳಿಯುವಾಗ ಇದು 30 ಲೀಟರ್ ದಾಟುತ್ತದೆ. ಅಂದರೆ ಲಾರಿಯ ಹೊಗೆಯಲ್ಲಿ, ದೂಳಿನಲ್ಲಿ ಸೈಕಲ್ ತುಳಿಯುವವನು ಅಲ್ಲೇ ಬೆಂಚಿನ ಮೇಲೆ ಕುಳಿತವನಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೊಗೆ ಕುಡಿಯುತ್ತಾನೆ. ಬಾಯಿಂದ ಉಸಿರಾಡಲು ಆರಂಭಿಸಿದರೆ ಮೂಗಿನ ಸೋಸುವ ಕೆಲಸವೂ ತಪ್ಪುತ್ತದೆ. ಆಸ್ತಮಾ ಇದ್ದವರಿಗೆ, ಹೃದಯದ ತೊಂದರೆ ಇದ್ದವರಿಗೆ ಇದು ಸಣ್ಣ ಮಾತಲ್ಲ.

ಎರಡನೆಯದು ಗದ್ದಲ. ಹಿಂದಿನಿಂದ ಹಾರ್ನ್ ಬಡಿದಾಗಲೆಲ್ಲ ಎದೆ ಡವಗುಟ್ಟುತ್ತದೆ, ರಕ್ತದೊತ್ತಡ ಆ ಕ್ಷಣಕ್ಕೆ ಏರುತ್ತದೆ. ಒತ್ತಡ ಇಳಿಸಲು ಹೋದವನು ಏರಿಸಿಕೊಂಡು ಬರುತ್ತಾನೆ.

ಮೂರನೆಯದು ಒಂದೇ ಲಯ. ಹೃದಯಕ್ಕೂ ರಕ್ತದ ಸಕ್ಕರೆಗೂ ಒಳ್ಳೆಯದಾಗುವುದು ಇಪ್ಪತ್ತು, ಮೂವತ್ತು ನಿಮಿಷ ಬಿಡದೆ ಒಂದೇ ಹದದಲ್ಲಿ ತುಳಿದಾಗ. ಪೇಟೆಯಲ್ಲಿ ಅದು ಆಗದು. ರಾಜೇಂದ್ರ ಗಂಜ್ ಸುತ್ತಮುತ್ತ ಸುಗ್ಗಿಯ ಕಾಲದಲ್ಲಿ ಸೈಕಲ್ ತುಳಿದು ನೋಡಿದವರಿಗೆ ಗೊತ್ತು. ನಾಲ್ಕು ಸುತ್ತು ತುಳಿ, ಬ್ರೇಕ್ ಹಿಡಿ, ಕಾಲು ಊರು. ಶಕ್ತಿನಗರದ ಕಡೆಯ ರಸ್ತೆಯಲ್ಲಿ ಭಾರಿ ವಾಹನಗಳು, ಲಿಂಗಸುಗೂರು ರಸ್ತೆಯಲ್ಲಿ ಬಸ್ಸುಗಳು. ಇಂಥ ಕಡೆ ಹೋದವರು ಹದಿನೈದು ದಿನದಲ್ಲಿ ಸೈಕಲ್ ಬಿಡುವುದು ಸೋಮಾರಿತನದಿಂದಲ್ಲ, ಭಯದಿಂದ.

ಫ್ರಾನ್ಸಿನ ಒಬ್ಬ ರೇಷ್ಮೆ ವ್ಯಾಪಾರಿ

ಮೋಟಾರು ವಾಹನ ಹೆಚ್ಚಾದಂತೆ ಬೇರೆ ದೇಶಗಳವರಿಗೂ ಈ ಕಷ್ಟ ಬಂದಿದೆ. ಫ್ರಾನ್ಸಿನವರು ಕಂಡುಕೊಂಡ ಉಪಾಯ ನಮಗೆ ಪಾಠವಾಗುವಂಥದು. ಅಲ್ಲಿ ದಕ್ಷಿಣ ಭಾಗದಲ್ಲಿ ಮಿದಿ ಕಾಲುವೆ ಎಂಬುದೊಂದಿದೆ. 1681ರಲ್ಲಿ ಮುಗಿದ ಕಾಲುವೆ, ಉದ್ದ ಸುಮಾರು 240 ಕಿ.ಮೀ. ಆಗ ದೋಣಿಗಳನ್ನು ದಂಡೆಯ ಮೇಲಿನಿಂದ ಕುದುರೆಗಳು ಹಗ್ಗ ಕಟ್ಟಿ ಎಳೆಯುತ್ತಿದ್ದವು. ಕುದುರೆ ನಡೆದ ಆ ದಂಡೆಯ ದಾರಿಗಳಲ್ಲಿ ಈಗ ಜನ ಹೆಂಡತಿ ಮಕ್ಕಳೊಂದಿಗೆ ಸೈಕಲ್ ತುಳಿಯುತ್ತಾರೆ. ರೈಲು ನಿಂತುಹೋದ ಹಳಿಗಳನ್ನು ಕಿತ್ತು, ಅದೇ ದಾರಿಯನ್ನು ಸೈಕಲ್ಲಿಗೂ ನಡಿಗೆಗೂ ಬಿಟ್ಟುಕೊಟ್ಟಿದ್ದಾರೆ. ಇವನ್ನು ‘ಹಸಿರು ದಾರಿ’ ಎನ್ನುತ್ತಾರೆ. ಗುಡ್ಡಗಾಡಿನಲ್ಲಂತೂ ಹಳ್ಳಿಯಿಂದ ಹಳ್ಳಿಗೆ ಹೋಗುವ ಸಣ್ಣ ರಸ್ತೆಗಳೇ ಸೈಕಲ್ ಸವಾರರ ಸ್ವರ್ಗ.

ಆ ಗುಡ್ಡಗಳ ರುಚಿಯನ್ನು ಜನರಿಗೆ ಹಚ್ಚಿದವರಲ್ಲಿ ಮುಖ್ಯರು ಪಾಲ್ ದ ವಿವಿ. 1853ರಲ್ಲಿ ಹುಟ್ಟಿದ ಇವರು ಸೇಂಟ್ ಎಟಿಯೆನ್ ಎಂಬ ಊರಿನಲ್ಲಿ ರೇಷ್ಮೆ ವ್ಯಾಪಾರ ಮಾಡಿಕೊಂಡಿದ್ದು, ಸೈಕಲ್ಲಿನ ಹುಚ್ಚು ಹಿಡಿದು ವ್ಯಾಪಾರ ಬಿಟ್ಟು ಸೈಕಲ್ ಪತ್ರಿಕೆಯನ್ನೇ ನಡೆಸಿದರು. ‘ವೆಲೋಸಿಯೊ’ ಅವರ ಬರಹದ ಹೆಸರು. ಏರಿನಲ್ಲಿ ಸುಲಭವಾಗಲು ಗೇರ್ ಬದಲಿಸುವ ಸೈಕಲ್ ಬೇಕು ಎಂದು ಅವರು ಜೀವನವಿಡೀ ವಾದಿಸಿದರು. ಗೇರ್ ಎಂಬುದು ಬಲವಿಲ್ಲದವರ ಊರುಗೋಲು ಎಂದು ಪಂದ್ಯದವರು ನಗುತ್ತಿದ್ದ ಕಾಲ ಅದು. ಹೆಸರಾಂತ ‘ಟೂರ್ ದ ಫ್ರಾನ್ಸ್’ ಪಂದ್ಯದಲ್ಲೂ ಈಗಿನಂಥ ಗೇರ್‌ಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಷ್ಟರಲ್ಲಿ ವೆಲೋಸಿಯೊ ಇರಲಿಲ್ಲ. ಸಾವಿರಾರು ಮೈಲಿ ಗುಡ್ಡ ಹತ್ತಿಳಿದ ಆ ಮನುಷ್ಯ 1930ರಲ್ಲಿ ತಮ್ಮ ಊರಿನ ಬೀದಿಯಲ್ಲೇ ಟ್ರಾಮ್ ಗಾಡಿ ಬಡಿದು ತೀರಿಕೊಂಡರು. ಬೆಟ್ಟ ಏನೂ ಮಾಡಲಿಲ್ಲ; ಪೇಟೆಯ ದಾರಿ ಪ್ರಾಣ ತೆಗೆಯಿತು.

ಅವರು ಸವಾರರಿಗೆ ಬಿಟ್ಟುಹೋದ ಬುದ್ಧಿಮಾತುಗಳ ಸಾರ ಇಷ್ಟು: ಹಸಿವೆ ಆಗುವ ಮೊದಲು ಸ್ವಲ್ಪ ಸ್ವಲ್ಪ ತಿನ್ನುವುದು, ಬಾಯಾರುವ ಮೊದಲು ಕುಡಿಯುವುದು, ಊಟ ಬೇಡವೆನಿಸುವಷ್ಟು ಅಥವಾ ನಿದ್ದೆ ಬಾರದಷ್ಟು ದಣಿಯದಿರುವುದು, ಸವಾರಿಯಲ್ಲಿ ಹೆಂಡ ತಂಬಾಕು ದೂರ ಇಡುವುದು, ಮೊದಲ ಗಂಟೆಯಲ್ಲಿ ಮೈಮುರಿದು ತುಳಿಯದಿರುವುದು, ಮತ್ತು ಜಂಬಕ್ಕಾಗಿ ಎಂದೂ ಪೆಡಲ್ ತುಳಿಯದಿರುವುದು. ನೂರು ವರ್ಷದ ಹಿಂದಿನ ಈ ಮಾತುಗಳಲ್ಲಿ ಒಂದನ್ನೂ ಇಂದಿನ ವೈದ್ಯಶಾಸ್ತ್ರ ತಳ್ಳಿಹಾಕುವುದಿಲ್ಲ.

ನಮ್ಮಲ್ಲೂ ಇದೆ ಕಾಲುವೆ

ಮಿದಿ ಕಾಲುವೆ 240 ಕಿ.ಮೀ. ಎಂದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆ 227 ಕಿ.ಮೀ. ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ಸಿರವಾರ ಭಾಗದ ಹೊಲಗಳನ್ನು ಹಾಯ್ದು ರಾಯಚೂರು ತಾಲ್ಲೂಕಿನವರೆಗೆ ಬರುತ್ತದೆ. ಕೊನೆ ಭಾಗದ ರೈತರಿಗೆ ‘ಮೈಲ್ 69’, ‘ಮೈಲ್ 104’ ಎಂಬ ಮಾತುಗಳು ಹೊಸವಲ್ಲ. ಅಲ್ಲಿ ಎಷ್ಟು ಅಡಿ ನೀರು ನಿಂತಿದೆ ಎಂಬುದರ ಮೇಲೆ ಅವರ ಬದುಕು. ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆ. 1982ರಲ್ಲಿ ಮುಗಿದ ನಾರಾಯಣಪುರ ಅಣೆಕಟ್ಟೆಯ ಕೃಷ್ಣೆಯ ನೀರು ಲಿಂಗಸುಗೂರು ದಾಟಿ ಇಲ್ಲಿಗೆ ಬರುತ್ತದೆ. ಎರಡು ನದಿಗಳ ನಡುವಿನ ಎಡೆದೊರೆ ನಾಡಿನ ನಮಗೆ ನದಿಗಳಷ್ಟೇ ಈ ಕೆನಾಲುಗಳೂ ಪರಿಚಿತ.

ಕಾಲುವೆಯ ಮಗ್ಗುಲಿಗೆ ನಿರ್ವಹಣೆಗೆಂದು ಮಾಡಿದ ಗರಸಿನ ದಾರಿ ಇರುತ್ತದೆ. ಗ್ಯಾಂಗ್‌ಮನ್‌ಗಳು, ಎಂಜಿನಿಯರರ ಜೀಪು, ಹೊಲಕ್ಕೆ ಹೋಗುವ ರೈತರು ಬಿಟ್ಟರೆ ಬೇರೆ ಓಡಾಟ ಕಡಿಮೆ. ವೈದ್ಯನ ಕಣ್ಣಿಗೆ ಈ ದಾರಿಯ ಇನ್ನೊಂದು ಗುಣ ಮುಖ್ಯ. ನೀರು ತಾನಾಗಿ ಹರಿಯಬೇಕಾದ್ದರಿಂದ ಕಾಲುವೆಯನ್ನು ನೆಲದ ಮಟ್ಟ ಹಿಡಿದು, ಗುಡ್ಡಗಳನ್ನು ಬಳಸಿ ತೋಡಿರುತ್ತಾರೆ. ಹೀಗಾಗಿ ದಂಡೆಯ ದಾರಿಯಲ್ಲಿ ಕಣ್ಣಿಗೆ ಕಾಣುವಂಥ ಏರು ಇರುವುದೇ ಅಪರೂಪ. ಹೊಸದಾಗಿ ಆರಂಭಿಸುವವರಿಗೆ, 50 ದಾಟಿದವರಿಗೆ, ಮೊಣಕಾಲು ನೋವಿನವರಿಗೆ ಹೇಳಿ ಮಾಡಿಸಿದಂಥ ದಾರಿ.

ಏರು ಬೇಕೆನ್ನುವವರು ಕಾಲುವೆ ಬಿಟ್ಟು ಹಳ್ಳಿಗಳ ಕೂಡುರಸ್ತೆ ಹಿಡಿಯಬೇಕು. ನಮ್ಮ ಜಿಲ್ಲೆಯನ್ನು ಬರೀ ಬಯಲು ಎನ್ನುವವರು ನೀರಮಾನ್ವಿಯ ಬಂಡೆಗುಡ್ಡಗಳನ್ನು, ದೇವದುರ್ಗದ ಸುತ್ತಲಿನ ಗುಡ್ಡಗಳನ್ನು ಸೈಕಲ್ ಮೇಲೆ ಕುಳಿತು ನೋಡಿಲ್ಲ. ಬಸ್ಸಿನಲ್ಲಿ ಗೊತ್ತೇ ಆಗದ ಏರು ಸೈಕಲ್ ಮೇಲೆ ತೊಡೆಗೆ ಗೊತ್ತಾಗುತ್ತದೆ.

ಹೋಗಲು ಒಂದು ನೆಪವೂ ಬೇಕು. ವ್ಯಾಯಾಮಕ್ಕೆಂದು ಹೊರಟವನು ಎರಡು ತಿಂಗಳಲ್ಲಿ ಬೇಸತ್ತಾನು. ಏನನ್ನಾದರೂ ನೋಡಲು ಹೊರಟವನು ವರ್ಷಗಟ್ಟಲೆ ಹೋಗುತ್ತಾನೆ. ಮಾನ್ವಿಯವರಿಗೆ ತುಂಗಭದ್ರೆಯ ದಂಡೆಯಲ್ಲಿ ವಿಜಯದಾಸರ ಊರು ಚೀಕಲಪರ್ವಿ ಇದೆ. ರಾಯಚೂರು ಮತ್ತು ದೇವದುರ್ಗದ ನಡುವೆ ಹಳೆಯ ಗುಡಿಗಳ, ಶಾಸನಗಳ ಗಬ್ಬೂರು ಇದೆ. ದೊಡ್ಡ ರಸ್ತೆ ಎಷ್ಟು ಸಾಧ್ಯವೋ ಅಷ್ಟು ತಪ್ಪಿಸಿ ಹಳ್ಳಿದಾರಿಯಲ್ಲಿ ಇಂಥ ಕಡೆಗೆ ಭಾನುವಾರ ಹೋಗಿಬರಬಹುದು. ರಾಯಚೂರು ನಗರದವರು ಬೆಳಗಿನ 6 ಗಂಟೆಯೊಳಗೆ ಮಾವಿನಕೆರೆ, ಕೋಟೆಯ ಸುತ್ತಲಿನ ಬೀದಿಗಳಲ್ಲಿ ತುಳಿದರೆ ಪೇಟೆ ಏಳುವ ಮೊದಲು ಅರ್ಧ ಗಂಟೆಯ ಶಾಂತಿ ಸಿಗುತ್ತದೆ.

ಕಾಲುವೆ ದಾರಿ ಸಾರ್ವಜನಿಕ ರಸ್ತೆಯಂತಲ್ಲ ಎಂಬುದು ನೆನಪಿರಲಿ. ಗೇಟು ಹಾಕಿದ್ದರೆ, ಬೋರ್ಡು ಇದ್ದರೆ ಒಳಗೆ ಹೋಗಬಾರದು. ಅಲ್ಲಿನ ಸಿಬ್ಬಂದಿಯನ್ನು ಒಂದು ಮಾತು ಕೇಳಿ ಹೋಗುವುದು ಮರ್ಯಾದೆ.

ದಂಡೆಯ ಅಪಾಯಗಳು

ಲಾರಿ ಇಲ್ಲವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಮೊದಲನೆಯದು ನೀರು. ದಂಡೆಗೆ ತಡೆಗೋಡೆ ಇರುವುದಿಲ್ಲ. ಸಿಮೆಂಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ; ಒಮ್ಮೆ ಜಾರಿದರೆ ಈಜು ಬಲ್ಲವನೂ ಹರಿವ ನೀರಿನಿಂದ ಮೇಲೆ ಹತ್ತುವುದು ಕಷ್ಟ. ಆದ್ದರಿಂದ ನೀರಿನ ಕಡೆಯ ಅಂಚು ಬಿಟ್ಟು ಹೊಲದ ಕಡೆಗೆ ಸವಾರಿ ಮಾಡಿ. ಮುಖ ತೊಳೆಯಲೆಂದು ಕಾಲುವೆಗೆ ಇಳಿಯಬೇಡಿ. ಆ ನೀರನ್ನು ಕುಡಿಯಲಂತೂ ಬೇಡಿ. ಕತ್ತಲಲ್ಲಿ ಹೋಗಬೇಡಿ. ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ. ಫಿಟ್ಸ್ ಇರುವವರಿಗೆ, ಪದೇ ಪದೇ ತಲೆ ಸುತ್ತುವವರಿಗೆ ಈ ದಾರಿ ಹೇಳಿದ್ದಲ್ಲ.

ಎರಡನೆಯದು ಔಷಧಿ ಹೊಡೆಯುವ ಕಾಲ. ಬತ್ತ, ಹತ್ತಿ, ಮೆಣಸಿನಕಾಯಿ ಹೊಲಗಳಿಗೆ ಬೆಳಗಿನ ಹೊತ್ತೇ ಕೀಟನಾಶಕ ಸಿಂಪಡಿಸುತ್ತಾರೆ. ದೊಡ್ಡ ಉಸಿರು ತೆಗೆದುಕೊಳ್ಳುತ್ತಿರುವ ಸವಾರನಿಗೆ ಅದರ ಹನಿಗಾಳಿ ಒಳ್ಳೆಯದಲ್ಲ. ವಾಸನೆ ಬಂದರೆ ಅಥವಾ ಬೆನ್ನಿಗೆ ಪಂಪು ಕಟ್ಟಿಕೊಂಡವರು ಕಂಡರೆ ಸೈಕಲ್ ತಿರುಗಿಸಿ. ಕೊಯ್ಲಿನ ನಂತರ ಬತ್ತದ ಹುಲ್ಲು ಸುಡುವಾಗಲೂ ಅಷ್ಟೇ.

ಮೂರನೆಯದು ನೆಲ. ಎರೆಮಣ್ಣಿನ ಜಾಡಿನಲ್ಲಿ ಮಳೆ ಬಿದ್ದ ಮಾರನೆಯ ದಿನ ಹೋದರೆ ಸೈಕಲ್ ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ಹೊರಬೇಕಾಗುತ್ತದೆ. ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಗರಸು ಅಥವಾ ಡಾಂಬರು ಇದ್ದ ಕಡೆ ಮಾತ್ರ ಹೋಗಿ. ಜಾಲಿಮುಳ್ಳು ಎಲ್ಲೆಲ್ಲೂ ಇದೆ. ಪಂಕ್ಚರ್ ಸಾಮಾನು, ಸಣ್ಣ ಪಂಪು ಜೊತೆಗಿರಲಿ. ಮಳೆಗಾಲದಲ್ಲಿ ಹುಲ್ಲಿನಲ್ಲಿ ಕುಳಿತುಕೊಳ್ಳಬೇಡಿ. ಹಾವು ಕಚ್ಚಿದರೆ ಬ್ಲೇಡು, ಬಿಗಿ ಕಟ್ಟು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಿಸದೆ ನೇರ ಆಸ್ಪತ್ರೆಗೆ ಬನ್ನಿ. ನಾಯಿ ಬೆನ್ನಟ್ಟಿದರೆ ಇಳಿದು, ಸೈಕಲನ್ನು ನಡುವೆ ಇಟ್ಟುಕೊಂಡು ನಿಧಾನ ನಡೆಯಿರಿ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ 15 ನಿಮಿಷ ಹರಿವ ನೀರಿನಲ್ಲಿ ತೊಳೆದು ಅಂದೇ ಚುಚ್ಚುಮದ್ದಿಗೆ ಹೋಗಿ. ಮಣ್ಣಿನಲ್ಲಿ ಬಿದ್ದು ಗಾಯವಾದರೆ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಬಿಸಿಲು: ನಮ್ಮ ನಿಜವಾದ ಬೆಟ್ಟ

ಫ್ರಾನ್ಸಿನವರಿಗೆ ಬೆಟ್ಟ ಹೇಗೋ ನಮಗೆ ಬಿಸಿಲು ಹಾಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ತಾಪ 40 ಡಿಗ್ರಿ ದಾಟುವುದು ವಿಶೇಷವೇ ಅಲ್ಲ. ಸೈಕಲ್ ಮೇಲೆ ಒಂದು ಮೋಸ ನಡೆಯುತ್ತದೆ. ಮುಖಕ್ಕೆ ಗಾಳಿ ಬಡಿಯುವುದರಿಂದ ಬೆವರು ಬಂದಂತೆ ಆರುತ್ತದೆ, ಬೆವರುತ್ತಿಲ್ಲ ಎಂದುಕೊಳ್ಳುತ್ತೇವೆ. ಇಳಿದು ನಿಂತ ಕೂಡಲೇ ಮೈಯೆಲ್ಲ ತೊಯ್ಯುತ್ತದೆ. ಗಂಟೆಗೆ ಅರ್ಧದಿಂದ ಒಂದು ಲೀಟರ್ ನೀರು ಹೀಗೆ ಹೋಗಬಹುದು.

ಬೇಸಿಗೆಯಲ್ಲಿ ಸೂರ್ಯೋದಯದ ಹೊತ್ತಿಗೆ ಹೊರಟು 7.30ರೊಳಗೆ ಮನೆಯಲ್ಲಿರಬೇಕು. ಬಿಸಿಲಿಗೆ ದೇಹ ಒಗ್ಗಲು ಹತ್ತು, ಹದಿನಾಲ್ಕು ದಿನ ಬೇಕು. ಮಾರ್ಚ್‌ನಲ್ಲಿ ಸವಾರಿಯನ್ನು ಹೆಚ್ಚಿಸಬೇಡಿ, ಇಳಿಸಿ. ಹದಿನೈದು, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ನೀರು ಕುಡಿಯಿರಿ. ಒಂದು ಗಂಟೆಗಿಂತ ಹೆಚ್ಚು ತುಳಿದರೆ ನೀರೊಂದೇ ಸಾಲದು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವೂ ಆದೀತು (ಇಲ್ಲಿ ಚಮಚವೆಂದರೆ ಚಹಾ ಚಮಚ). ಸಕ್ಕರೆ ಕಾಯಿಲೆಯವರು, ರಕ್ತದೊತ್ತಡಕ್ಕೆ ಉಪ್ಪು ಬಿಟ್ಟವರು ಈ ಪಾನಕ, ಉಪ್ಪಿನ ವಿಷಯವನ್ನು ತಮ್ಮ ವೈದ್ಯರನ್ನು ಕೇಳಿಯೇ ತೀರ್ಮಾನಿಸಬೇಕು.

ತಲೆನೋವು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು ಇವು ಎಚ್ಚರಿಕೆಯ ಗಂಟೆ. ನೆರಳಿಗೆ ಹೋಗಿ, ಮಲಗಿ, ನೀರು ಕುಡಿಯಿರಿ. ಮಾತು ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ ಅದು ಬಿಸಿಲ ಹೊಡೆತ. ಒದ್ದೆ ಬಟ್ಟೆ ಹೊದಿಸಿ, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಾ 108ಕ್ಕೆ ಕರೆ ಮಾಡಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೊರಡುವ ಮೊದಲು ಯಾರಿಗೆ ಪರೀಕ್ಷೆ?

ಆರೋಗ್ಯವಂತರಾದ ಎಳೆಯರಿಗೆ ಯಾವ ಪರೀಕ್ಷೆಯೂ ಬೇಡ. 40 ದಾಟಿದವರು, ಅದರಲ್ಲೂ ಸಕ್ಕರೆ, ರಕ್ತದೊತ್ತಡ, ಬೀಡಿ ಸಿಗರೇಟು ಇದ್ದವರು, ಮನೆಯಲ್ಲಿ ಹೃದಯಾಘಾತದ ಇತಿಹಾಸ ಇದ್ದವರು ಒಮ್ಮೆ ವೈದ್ಯರ ಬಳಿ ಹೋಗಿ ಬನ್ನಿ. ರಕ್ತದೊತ್ತಡ 180/110 ಮೀರಿದ್ದರೆ ಮೊದಲು ಅದನ್ನು ಹತೋಟಿಗೆ ತರಬೇಕು, ಸೈಕಲ್ ಆಮೇಲೆ. ನಿಯಮಿತ ವ್ಯಾಯಾಮದಿಂದ ರಕ್ತದೊತ್ತಡ ಇರುವವರ ಮೇಲಿನ ಅಂಕಿ 5ರಿಂದ 8ರಷ್ಟು ಇಳಿಯುವುದು ಸಾಮಾನ್ಯ. ಸಣ್ಣ ಅಂಕಿ ಎನಿಸಬಹುದು, ಆದರೆ ಪಾರ್ಶ್ವವಾಯುವಿನ ಅಪಾಯದ ಲೆಕ್ಕದಲ್ಲಿ ಅದು ದೊಡ್ಡದು.

ಸಕ್ಕರೆ ಕಾಯಿಲೆಯವರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ಬಗೆಯ ಗುಳಿಗೆ ನುಂಗುವವರು ಹೆಚ್ಚು ಎಚ್ಚರ ವಹಿಸಬೇಕು. ಬರಿಹೊಟ್ಟೆಯಲ್ಲಿ ಹೋಗಬೇಡಿ. ಮನೆಯಲ್ಲಿ ಯಂತ್ರವಿದ್ದರೆ ನೋಡಿಕೊಳ್ಳಿ. 100ಕ್ಕಿಂತ ಕಡಿಮೆ ಇದ್ದರೆ ಒಂದು ಬಾಳೆಹಣ್ಣು ತಿಂದು ಹೊರಡಿ. ಕಿಸೆಯಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕೈನಡುಕ, ತಣ್ಣನೆಯ ಬೆವರು, ಕಣ್ಣು ಮಂಜಾದರೆ ತಕ್ಷಣ ಇಳಿದು ಮೂರು ಚಮಚ ಸಕ್ಕರೆ ಬಾಯಿಗೆ ಹಾಕಿಕೊಳ್ಳಿ. ದಂಡೆಯ ಮೇಲೆ ಸಹಾಯಕ್ಕೆ ಜನ ಇರುವುದಿಲ್ಲವಾದ್ದರಿಂದ ಒಬ್ಬರೇ ಹೋಗಬೇಡಿ, ಹೋಗುವ ದಾರಿಯನ್ನು ಮನೆಯಲ್ಲಿ ಹೇಳಿ ಹೋಗಿ. ಮನೆಗೆ ಬಂದ ಮೇಲೆ ಪಾದಗಳನ್ನು ನೋಡಿಕೊಳ್ಳಿ. ಚಪ್ಪಲಿಗಿಂತ ಬೂಟು ಲೇಸು.

ಎದೆ ಹಿಂಡಿದಂತೆ, ಭಾರ ಇಟ್ಟಂತೆ ಆಗುವುದು, ನೋವು ಎಡಗೈಗೋ ದವಡೆಗೋ ಹರಿಯುವುದು, ಮಾಮೂಲು ಏರಿನಲ್ಲಿ ಹಿಂದೆಂದೂ ಇಲ್ಲದ ಏದುಸಿರು. ಇವು ಬಂದರೆ ‘ಗ್ಯಾಸ್ ಇರಬೇಕು’ ಎಂದುಕೊಂಡು ಮುಂದೆ ತುಳಿಯಬೇಡಿ. ಅಲ್ಲೇ ಇಳಿದು ಕೂತು, ಸಹಾಯಕ್ಕೆ ಕರೆಯಿರಿ.

ಸೀಟಿನ ಎತ್ತರ, ಮೊಣಕಾಲಿನ ಸುಖ

ನಡೆಯುವಾಗ ಮೈಭಾರವೆಲ್ಲ ಮೊಣಕಾಲಿಗೆ ಬೀಳುತ್ತದೆ. ಸೈಕಲ್ ಮೇಲೆ ಬಹುಪಾಲು ಭಾರವನ್ನು ಸೀಟು ಹೊರುತ್ತದೆ. ಕೀಲು ಸವೆದವರಿಗೂ ಸೈಕಲ್ ಹೇಳುವುದು ಇದಕ್ಕೇ. ಆದರೆ ನಮ್ಮಲ್ಲಿ ಹೆಚ್ಚಿನವರು ಸೀಟನ್ನು ತೀರ ಕೆಳಗೆ ಇಟ್ಟು ಮೊಣಕಾಲು ಮಡಿಸಿ ತುಳಿಯುತ್ತಾರೆ. ಆಗ ಚಿಪ್ಪಿನ ಹಿಂದೆ ಒತ್ತಡ ಬಿದ್ದು ನೋವು ಹೆಚ್ಚುತ್ತದೆ, ದೂರು ಸೈಕಲ್ ಮೇಲೆ ಬರುತ್ತದೆ. ಸರಿಯಾದ ಎತ್ತರ ಕಾಣಲು ಸುಲಭ ಉಪಾಯವಿದೆ. ಗೋಡೆ ಹಿಡಿದು ಸೀಟಿನ ಮೇಲೆ ಕುಳಿತು, ಪೆಡಲ್ ತೀರ ಕೆಳಗೆ ಬಂದಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಬಳಸಿದರೆ ಮೊಣಕಾಲು ತುಸುವೇ ಬಾಗಿರುತ್ತದೆ. ಅದೇ ಹದ.

ಕೈಬೆರಳು ಜೋಮು ಹಿಡಿದರೆ ಹ್ಯಾಂಡಲ್ ಮೇಲೆ ಭಾರ ಹಾಕುತ್ತಿದ್ದೀರಿ ಎಂದರ್ಥ; ಹಿಡಿತ ಬದಲಿಸುತ್ತಿರಿ. ತೊಡೆಸಂದಿ ಜೋಮು ಹಿಡಿದರೆ ಸೀಟಿನ ಮೂತಿ ಮೇಲೆದ್ದಿದೆಯೇ ನೋಡಿ, ಮಟ್ಟ ಮಾಡಿಸಿ, ಆಗಾಗ ಸೀಟಿನಿಂದ ಏಳಿ. ಹೊಸ ಸೈಕಲ್ ಕೊಳ್ಳಲೇಬೇಕೆಂದಿಲ್ಲ. 2006–07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದ ಮೇಲೆ ಬಂದ ಸೈಕಲ್‌ಗಳು ಎಷ್ಟೋ ಮನೆಗಳ ಮೂಲೆಯಲ್ಲಿ ನಿಂತಿವೆ. ಬ್ರೇಕು, ಚೈನು ಸರಿಮಾಡಿಸಿ, ಹಿಂದೆ ಕೆಂಪು ದೀಪ ಹಾಕಿಸಿದರೆ ಸಾಕು. ತಲೆಗೆ ಹೆಲ್ಮೆಟ್ ಇರಲಿ. ಹಳ್ಳಿದಾರಿಯಲ್ಲೂ ಕಲ್ಲು ಕಲ್ಲೇ.

ಹೆಣ್ಣುಮಕ್ಕಳು ನನ್ನನ್ನು ಸಂಕೋಚದಿಂದ ಕೇಳುತ್ತಾರೆ, ‘ನಾವೂ ತುಳಿಬಹುದೇನ್ರಿ?’ ಎಂದು. ಧಾರಾಳವಾಗಿ. ಸೈಕಲ್ಲಿನಿಂದ ಗರ್ಭಕೋಶಕ್ಕೆ ತೊಂದರೆ ಎಂಬುದು ಸುಳ್ಳು ನಂಬಿಕೆ. ಮುಟ್ಟಿನ ದಿನಗಳಲ್ಲೂ ಅಡ್ಡಿಯಿಲ್ಲ. ಮುಖ ಬಿಳುಪೇರಿ ಸುಸ್ತು ಇದ್ದರೆ ರಕ್ತಹೀನತೆಗೆ ಮೊದಲು ಚಿಕಿತ್ಸೆ ಆಗಲಿ. ಗರ್ಭಿಣಿಯರಿಗೆ ಮಾತ್ರ ಬೀಳುವ ಅಪಾಯದ ಕಾರಣದಿಂದ ನಡಿಗೆಯೇ ಲೇಸು.

ಎಷ್ಟು, ಹೇಗೆ?

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಬಿರುಸಿನ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ತುಳಿದರೆ 150 ಆಯಿತು. ಕೋಪನ್‌ಹೇಗನ್ ನಗರದ ಸುಮಾರು 30 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿ 2000ನೇ ಇಸವಿಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ಸೈಕಲ್ ಮೇಲೆ ಹೋಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಶೇ 28ರಷ್ಟು ಕಡಿಮೆ ಕಂಡುಬಂತು. ಅವರು ಯಾರೂ ಪಂದ್ಯದ ಸವಾರರಲ್ಲ, ನಿಮ್ಮ ನಮ್ಮಂಥವರು.

ಮೊದಲ ಎರಡು ವಾರ ಸಪಾಟು ದಾರಿಯಲ್ಲಿ ದಿನಕ್ಕೆ 15 ನಿಮಿಷ ಸಾಕು. ಆಮೇಲೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಅರ್ಧ ಗಂಟೆಗೆ ಬನ್ನಿ. ಬಿರುಸು ಅಳೆಯಲು ಯಂತ್ರ ಬೇಡ. ತುಳಿಯುತ್ತಾ ಜೊತೆಗಾರರ ಸಂಗಡ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಬಂದರೆ ಇನ್ನಷ್ಟು ತುಳಿಯಬಹುದು. ಮಾತೇ ಹೊರಡದಿದ್ದರೆ ನಿಧಾನಿಸಿ. ಎದುರುಗಾಳಿಯೂ ಒಂದು ಏರೇ. ಮಳೆಗಾಲದ ಪಡುವಣ ಗಾಳಿಯ ದಿನಗಳಲ್ಲಿ ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ಬರುವಾಗ ಅದು ಬೆನ್ನು ತಟ್ಟುತ್ತದೆ.

ಗುಡ್ಡದ ದಾರಿಗೆ ಎರಡು ತಿಂಗಳ ನಂತರ ಹೋಗಿ. ಏರು ಬರುವ ಮೊದಲೇ ಹಗುರ ಗೇರ್‌ಗೆ ಬದಲಿಸಿ, ಕಾಲು ಬೇಗ ಬೇಗ ತಿರುಗಲಿ. ಗೇರ್ ಇಲ್ಲದಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಅದರಲ್ಲಿ ಅವಮಾನವೇನೂ ಇಲ್ಲ. ಹೃದಯಕ್ಕೆ ಅದೂ ವ್ಯಾಯಾಮವೇ. ಇಳಿಜಾರಿನಲ್ಲಿ ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಹಿಡಿಯಿರಿ. ಗರಸಿನ ಮೇಲೆ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದವರ ಹಲ್ಲು ಕಟ್ಟಿಸಲು ದಂತವೈದ್ಯರ ಬಳಿ ಕಳಿಸಿದ್ದೇನೆ.

ಗಂಟೆಯ ಸವಾರಿಗೆ ಸುಮಾರು 250ರಿಂದ 400 ಕ್ಯಾಲೊರಿ ಖರ್ಚಾಗುತ್ತದೆ. ಬರುವ ದಾರಿಯಲ್ಲಿ ಒಗ್ಗರಣೆ, ಮಿರ್ಚಿ ಮುಂದೆ ಕುಳಿತರೆ ಆ ಲೆಕ್ಕ ಅಲ್ಲೇ ಚುಕ್ತಾ ಆಗುತ್ತದೆ. ತಿಂಗಳಿಗೊಮ್ಮೆ ತಿನ್ನಿ, ದಿನಾ ಬೇಡ.

ಮತ್ತೆ ಆ ಶಿಕ್ಷಕರು

ಆ ದಿನ ಚೀಟಿಯ ಮೇಲೆ ನಾನು ‘ಕೆನಾಲ್ ದಾರಿ, ಬೆಳಿಗ್ಗೆ 6ಕ್ಕೆ, ಜೊತೆಗೆ ಒಬ್ಬರು’ ಎಂದು ಸೇರಿಸಿದೆ. ಸೀಟು ಎರಡು ಬೆರಳು ಎತ್ತರ ಮಾಡಿಸಲು ಹೇಳಿದೆ. ಪತ್ನಿ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಣ್ಣನ ಮಗ ಸಂಗಡ ಹೋಗಬೇಕು, ಏಳೂವರೆಯೊಳಗೆ ಮನೆಗೆ ಬರಬೇಕು.

ಒಂದು ವರ್ಷದ ನಂತರ ಅವರ ಮೂರು ತಿಂಗಳ ಸರಾಸರಿ ಸಕ್ಕರೆ 8.4ರಿಂದ 7.5ಕ್ಕೆ ಬಂದಿತ್ತು. ತೂಕ ನಾಲ್ಕು ಕಿಲೋ ಇಳಿದಿತ್ತು. ಗುಳಿಗೆ ನಿಂತಿಲ್ಲ, ನಿಲ್ಲಿಸಲೂಬಾರದು. ಊಟದ ಪಥ್ಯದ ಪಾಲೂ ಇದರಲ್ಲಿದೆ. ಸೈಕಲ್ ಒಂದರ ಪವಾಡ ಎಂದು ನಾನು ಹೇಳಲಾರೆ. ಮೊಣಕಾಲು ಮಳೆಗಾಲದಲ್ಲಿ ಈಗಲೂ ನೋಯುತ್ತದೆ. ಹೋದ ಸಲ ಬಂದಾಗ ಅವರು ಕಾಯಿಲೆಯ ಮಾತು ಬಿಟ್ಟು ಕಾಲುವೆಯ ಮಾತೇ ಆಡಿದರು. ಯಾವ ದಿನ ನೀರು ಬಂತು, ಎಲ್ಲಿ ಮಿಂಚುಳ್ಳಿ ಕೂರುತ್ತದೆ, ಯಾರ ಗದ್ದೆಗೆ ಇನ್ನೂ ನೀರು ಮುಟ್ಟಿಲ್ಲ ಎಂದು. ಪತ್ನಿ ಪಕ್ಕದಲ್ಲಿ ಕುಳಿತು, ‘ಈಗ ಎಬ್ಬಸೋದು ಬ್ಯಾಡ್ರಿ, ತಾವ ಏಳ್ತಾರ’ ಎಂದರು.

ನೀವೂ ಭಾನುವಾರ ಮೋಟಾರು ಗಾಡಿಯಲ್ಲಿ ಒಮ್ಮೆ ಊರ ಸುತ್ತ ತಿರುಗಿ, ಹತ್ತು ನಿಮಿಷ ನಿಂತರೂ ಲಾರಿ ಬಾರದ ಒಂದು ದಾರಿಯನ್ನು ಗುರುತು ಮಾಡಿಕೊಳ್ಳಿ. ಅದು ಸಿಕ್ಕ ಮೇಲೆ ಸೈಕಲ್‌ಗೆ ಗಾಳಿ ಹಾಕಿಸಿ.